ವೀರಗಲ್ಲು, ಕಲ್ಯಾಣಿ ಫೋಟೊಗಳಿಗೆ ಯಾವ ಹ್ಯಾಶ್‌ಟ್ಯಾಗ್? ಒಂದೇ ಟ್ಯಾಗ್ ಹಾಕಿದರೂ ಒಂದೇ ಕಡೆ ಸಿಗುತ್ತಿಲ್ಲ

ಗುಡಿಬಂಡೆ_ನೋಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಹಳ್ಳಿಗಳಲ್ಲಿರುವ ವೀರಗಲ್ಲು, ಶಾಸನ, ಕಲ್ಯಾಣಿಗಳ ಫೋಟೊ ತೆಗೆದು ಹಾಕುವ ಹದಿನಾಲ್ಕು ಜನರ ಗುಂಪು ನಮ್ಮದು. ಹನ್ನೊಂದು ಜನ ಇನ್‌ಸ್ಟಾಗ್ರಾಮ್‌ನಲ್ಲಿದ್ದಾರೆ, ಉಳಿದ ಮೂವರು ಫೇಸ್‌ಬುಕ್ ಮಾತ್ರ. ಎಲ್ಲ ಸೇರಿ ಸುಮಾರು 600 ಫೋಟೊ. ಈಗ ಸಮಸ್ಯೆ ಏನೆಂದರೆ:

1. #ನಂದಿಬೆಟ್ಟ ಒತ್ತಿದರೆ ನಮ್ಮವರೇ ಇಬ್ಬರ ಪೋಸ್ಟ್ ಅದರಲ್ಲಿ ಬರುವುದೇ ಇಲ್ಲ. ಅವರ ಪೋಸ್ಟ್ ತೆಗೆದು ನೋಡಿದರೆ ಅಲ್ಲೂ #ನಂದಿಬೆಟ್ಟ ಅಂತಲೇ ಇದೆ. ಖಾತೆ ಪಬ್ಲಿಕ್ ಆಗಿದೆ, ಪರೀಕ್ಷಿಸಿದ್ದೇವೆ.
2. ಕನ್ನಡದಲ್ಲಿ ಹಾಕಬೇಕೋ ಇಂಗ್ಲಿಷಿನಲ್ಲೋ, ಎಷ್ಟು ಹಾಕಬೇಕೋ ಅನ್ನುವುದರಲ್ಲಿ ದಿನಾ ಜಗಳ. ಒಬ್ಬರು 25 ಹಾಕುತ್ತಾರೆ, ಒಬ್ಬರು ಒಂದೂ ಹಾಕುವುದಿಲ್ಲ.
3. ಆರು ತಿಂಗಳ ಹಿಂದೆ ಹಾಕಿದ ಒಂದು ನಿರ್ದಿಷ್ಟ ಕಲ್ಲಿನ ಫೋಟೊ ಬೇಕೆಂದರೆ ಹುಡುಕಿ ಹುಡುಕಿ ಸಾಕಾಗುತ್ತದೆ.

ಗೊತ್ತಿರುವವರು ಒಂದು ಪದ್ಧತಿ ಹೇಳಿಕೊಟ್ಟರೆ ಎಲ್ಲರಿಗೂ ಅದನ್ನೇ ಕಡ್ಡಾಯ ಮಾಡುತ್ತೇವೆ.

---

ಒತ್ತಕ್ಷರ ಉತ್ತರಿಸಿದ್ದು:

ಮೊದಲನೆಯದಕ್ಕೆ ಉತ್ತರ ಸುಲಭ. ಆ ಇಬ್ಬರು ಸೊನ್ನೆ ಒತ್ತಿದ್ದಾರೆ, ಅನುಸ್ವಾರ ಅಲ್ಲ. ಕೆಳಗಿನ ಎರಡನ್ನು ಹೋಲಿಸಿ ನೋಡಿ:

#ನಂದಿಬೆಟ್ಟ
#ನ೦ದಿಬೆಟ್ಟ

ಕಣ್ಣಿಗೆ ಎರಡೂ ಒಂದೇ. ಮೊದಲನೆಯದರಲ್ಲಿ ಇರುವುದು ಅಂ ಅಃ-ದ ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿ ಸೊನ್ನೆ, ಅಂದರೆ ೧೦ ಬರೆಯುವಾಗ ಬರುವ ೦. ಕಂಪ್ಯೂಟರಿಗೆ ಇವು ಎರಡು ಬೇರೆ ಪದಗಳು, ಹಾಗಾಗಿ ಎರಡು ಬೇರೆ ಟ್ಯಾಗ್ ಪುಟಗಳು. ಅಂತರಗಂಗೆ ಅಂತ ಬರೆದರೆ ಈ ತಪ್ಪಿಗೆ ಎರಡು ಅವಕಾಶ.

ಪತ್ತೆ ಹಚ್ಚುವುದು ಹೀಗೆ: ಆ ಟ್ಯಾಗನ್ನು ಕಾಪಿ ಮಾಡಿ ಕಂಪ್ಯೂಟರಿನ ನೋಟ್‌ಪ್ಯಾಡ್‌ಗೆ ಹಾಕಿ, ಬಾಣದ ಕೀಲಿಯಿಂದ ಕರ್ಸರ್ ಒಂದೊಂದೇ ಹೆಜ್ಜೆ ಸರಿಸಿ. ಅನುಸ್ವಾರವಾದರೆ "ನಂ" ಒಂದೇ ನೆಗೆತಕ್ಕೆ ದಾಟುತ್ತದೆ. ಸೊನ್ನೆಯಾದರೆ ಕರ್ಸರ್ "ನ"ಗೂ ಆ ವೃತ್ತಕ್ಕೂ ನಡುವೆ ನಿಲ್ಲುತ್ತದೆ. ಇದಕ್ಕಿಂತ ಬೇಗ ಆಗಬೇಕಾದರೆ ನಿಮ್ಮ ಎಲ್ಲ ಶೀರ್ಷಿಕೆಗಳನ್ನು (ಫೋಟೊ ಜೊತೆ ಬರೆಯುವ ಕ್ಯಾಪ್ಶನ್) ಒಂದು ಕಡತಕ್ಕೆ ತುಂಬಿಸಿ, ಅಂಕಿ ೦ ಅನ್ನು ಹುಡುಕಾಟಕ್ಕೆ ಕೊಡಿ. ಪದದ ನಡುವೆ ಸಿಕ್ಕಿದ್ದೆಲ್ಲ ತಪ್ಪಿನ ಜಾಗ.

ಇದೇ ಜಾತಿಯ ಇನ್ನೂ ಕೆಲವು:

ಕಾಣದ ಅಕ್ಷರ. "ಚಿಕ್‌ಬಳ್ಳಾಪುರ" ಅಂತ ಬರೆಯಲು ಕ್ ಆದಮೇಲೆ ಒಂದು ಅದೃಶ್ಯ ಸಂಕೇತ ಬೇಕು, ಇಲ್ಲದಿದ್ದರೆ ಬ ಒತ್ತಾಗಿ "ಚಿಕ್ಬಳ್ಳಾಪುರ" ಆಗುತ್ತದೆ. ಆ ಅದೃಶ್ಯ ಸಂಕೇತವನ್ನು ಕೆಲವು ಆ್ಯಪ್ ಟ್ಯಾಗಿನ ಭಾಗ ಅಂದುಕೊಳ್ಳುತ್ತವೆ, ಕೆಲವು ಅಲ್ಲೇ ಟ್ಯಾಗ್ ಕಡಿಯಬಹುದು. ಕಡಿಯದಿದ್ದರೂ ಸಂಕೇತ ಇರುವುದೂ ಇಲ್ಲದ್ದೂ ಬೇರೆ ಬೇರೆ. ಆದ್ದರಿಂದ ಟ್ಯಾಗಿಗೆ ಆರಿಸುವ ಪದದಲ್ಲಿ ಇದರ ಅಗತ್ಯವೇ ಇರಬಾರದು. "ಚಿಕ್ಕಬಳ್ಳಾಪುರ" ಅಂತ ಪೂರ್ತಿ ಬರೆಯಿರಿ, ತಂಟೆಯೇ ಇಲ್ಲ. (ತಮಾಷೆ ನೋಡಿ, "ಹ್ಯಾಶ್‌ಟ್ಯಾಗ್" ಅನ್ನುವ ಪದಕ್ಕೇ ಆ ಅದೃಶ್ಯ ಸಂಕೇತ ಬೇಕು.)

ಓತ್ವ. "ಕೋಲಾರ"ದ ಕೋ-ದಲ್ಲಿರುವ ಸ್ವರಚಿಹ್ನೆಯನ್ನು, ಕಂಪ್ಯೂಟರ್ ಅಕ್ಷರಗಳ ಜಾಗತಿಕ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಒತ್ವ ಮತ್ತು ದೀರ್ಘ ಎಂದು ತುಂಡು ತುಂಡಾಗಿಯೂ ಬರೆಯಬಹುದು. ನಿಯಮದ ಪ್ರಕಾರ ಎರಡೂ ಸಮಾನ. ಆದರೆ ಆ್ಯಪ್ ಅವನ್ನು ಒಂದುಗೂಡಿಸಿಕೊಂಡರೆ ಮಾತ್ರ ನಿಮಗೆ ಸಮಾನ. ಈಗಿನ ಫೋನ್ ಕೀಬೋರ್ಡ್‌ಗಳಲ್ಲಿ ಈ ತೊಂದರೆ ಕಡಿಮೆ, ಹಳೆಯ ಕನ್ವರ್ಟರ್‌ನಿಂದ ಬಂದ ಪಠ್ಯದಲ್ಲಿ ಇರುತ್ತದೆ.

ಹಳೆಯ "ನುಡಿ", "ಬರಹ" ತಂತ್ರಾಂಶಗಳ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರ ಅಂಟಿಸಿದರೆ ಕನ್ನಡವೇ ಬರುವುದಿಲ್ಲ, ಕಲಸುಮೇಲೋಗರ ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಹಾಕಿ.

ಇನ್ನೊಂದು ನಮ್ಮ ಭಾಷೆಗೇ ಅಂಟಿದ್ದು: ವಿಭಕ್ತಿ. "#ಕೋಲಾರದಲ್ಲಿ ಸಿಕ್ಕ #ವೀರಗಲ್ಲಿನ ಚಿತ್ರ" ಅಂತ ವಾಕ್ಯದೊಳಗೇ ಟ್ಯಾಗ್ ತೂರಿಸಿದರೆ ನೀವು ಹಾಕಿದ್ದು #ಕೋಲಾರದಲ್ಲಿ ಮತ್ತು #ವೀರಗಲ್ಲಿನ. #ಕೋಲಾರ ಪುಟಕ್ಕೆ ಅದು ಹೋಗುವುದಿಲ್ಲ. ಇಂಗ್ಲಿಷಿನವರು ವಾಕ್ಯದ ನಡುವೆ ಹಾಕಿ ಪಾರಾಗುತ್ತಾರೆ, ಅವರಿಗೆ ಪ್ರತ್ಯಯ ಅಂಟುವುದಿಲ್ಲ. ನಾವು ವಾಕ್ಯ ಮುಗಿಸಿ, ಕೆಳಗೆ ಬೇರೆ ಸಾಲಿನಲ್ಲಿ, ಪ್ರಥಮಾ ವಿಭಕ್ತಿಯಲ್ಲೇ ಬರೆಯಬೇಕು.

ಕೈಯಿಂದ ಟೈಪ್ ಮಾಡಿಸಲೇ ಬೇಡಿ. ಗೂಗಲ್ ಕೀಬೋರ್ಡ್ ಜಿಬೋರ್ಡ್ ಬಳಸುವವರು ಸೆಟ್ಟಿಂಗ್ಸ್, ಡಿಕ್ಷನರಿ, ಪರ್ಸನಲ್ ಡಿಕ್ಷನರಿ, ಕನ್ನಡ ಅಂತ ಹೋಗಿ ಟ್ಯಾಗನ್ನು ಸೇರಿಸಿ "ವೀಗ" ಅಂತ ಒಂದು ಶಾರ್ಟ್‌ಕಟ್ ಕೊಟ್ಟುಕೊಳ್ಳಲಿ. ಅದೂ ಬೇಡ ಅನ್ನುವವರಿಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಟ್ಯಾಗ್ ಪಟ್ಟಿ ಪಿನ್ ಮಾಡಿಡಿ, ಅಲ್ಲಿಂದ ಕಾಪಿ ಮಾಡಲಿ. ಪೋಸ್ಟ್ ಆದಮೇಲೆ ನೀಲಿ ಬಣ್ಣ ಟ್ಯಾಗಿನ ಕೊನೆಯ ಅಕ್ಷರದವರೆಗೂ ಹೋಗಿದೆಯೇ ಅಂತ ಒಮ್ಮೆ ನೋಡುವುದು ಅಭ್ಯಾಸವಾಗಬೇಕು. ಎಲ್ಲ ಆ್ಯಪ್‌ಗಳೂ ಗುಣಿತ ಚಿಹ್ನೆಗಳನ್ನು ಒಂದೇ ರೀತಿ ನೋಡುವುದಿಲ್ಲ.

---

ಕಲ್ಲುಬರಹ ಉತ್ತರಿಸಿದ್ದು:

ಒತ್ತಕ್ಷರ ಅವರು ಕಾಗುಣಿತ ಹೇಳಿದರು. ನಾನು ಯಾವ ಪದ ಅನ್ನುವುದನ್ನು ಹೇಳುತ್ತೇನೆ, ಏಕೆಂದರೆ ಮೂರನೇ ಪ್ರಶ್ನೆಗೆ ಉತ್ತರ ಅಲ್ಲಿದೆ.

ಜಿಲ್ಲೆಯ ಹೆಸರನ್ನು ನೆಚ್ಚಬೇಡಿ. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. (ಟ್ವಿಟರ್‌ನಲ್ಲಿ # ಬಳಸೋಣ ಅಂತ ಕ್ರಿಸ್ ಮೆಸ್ಸಿನಾ ಸೂಚಿಸಿದ್ದೂ ಅದೇ ವರ್ಷ ಆಗಸ್ಟ್ 23ರಂದು, ಎರಡಕ್ಕೂ ಒಂದೇ ವಯಸ್ಸು.) ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಕಲ್ಲುಗಳು ಹಳೆಯ ಪುಸ್ತಕಗಳಲ್ಲೆಲ್ಲ ಕೋಲಾರ ಜಿಲ್ಲೆಯವು. ಪಕ್ಕದ ತುಮಕೂರನ್ನೇ ನೋಡಿ: 2014ರ ನವೆಂಬರ್ 1ರಂದು ಇಂಗ್ಲಿಷ್ ಹೆಸರು ಬದಲಾಯಿತು, ಈಗ ಹಳೆಯ ಸ್ಪೆಲಿಂಗಿನದ್ದೊಂದು ರಾಶಿ, ಹೊಸದರದ್ದೊಂದು, ಕನ್ನಡದ್ದು ಮತ್ತೊಂದು. ತಾಲ್ಲೂಕು ಮತ್ತು ಊರಿನ ಹೆಸರು ಹಾಕಿ.

ಊರಿನ ಹೆಸರಲ್ಲೂ ಎರಡು ತೊಡಕು. ಹೊಸಹಳ್ಳಿ ಒಂದೇ ಅಲ್ಲ, ತಾಲ್ಲೂಕಿಗೆ ಒಂದೋ ಎರಡೋ ಇರುತ್ತವೆ. ಹಾಗಾಗಿ ತಾಲ್ಲೂಕು ಮೊದಲು, ಅಡಿಗೆರೆ (_), ಆಮೇಲೆ ಊರು. ಇನ್ನೊಂದು, ಗಡಿಭಾಗದಲ್ಲಿ ಮನೆಮಾತು ತೆಲುಗು. ಒಬ್ಬರು "ಪಲ್ಲಿ" ಅನ್ನುತ್ತಾರೆ, ಒಬ್ಬರು "ಹಳ್ಳಿ" ಅನ್ನುತ್ತಾರೆ. ಮುಳಬಾಗಿಲು, ಮುಳಬಾಗಲು, ಮುಳುಬಾಗಿಲು ಮೂರನ್ನೂ ನೀವು ಬೋರ್ಡುಗಳಲ್ಲೇ ನೋಡಬಹುದು. ಆವನಿಯನ್ನು ಆವಣಿ ಅಂತಲೂ ಬರೆಯುತ್ತಾರೆ. ಯಾವುದು ಸರಿ ಅನ್ನುವ ಚರ್ಚೆ ಮುಗಿಯುವುದಿಲ್ಲ, ಟ್ಯಾಗಿಗೆ ಅದು ಬೇಕಾಗಿಯೂ ಇಲ್ಲ. ಪಹಣಿಯಲ್ಲಿ ಹೇಗಿದೆಯೋ ಹಾಗೆ ಅಂತ ಒಂದೇ ನಿಯಮ ಮಾಡಿ. ಜನ ಕರೆಯುವ ಹೆಸರನ್ನು ವಿವರಣೆಯ ವಾಕ್ಯದಲ್ಲಿ ಬರೆಯಿರಿ, ಅಲ್ಲಿ ಅದಕ್ಕೆ ಗೌರವದ ಜಾಗ ಇದೆ.

ಇನ್ನು ಮುಖ್ಯವಾದದ್ದು: ಒಂದು ಕಲ್ಲಿಗೆ ಒಂದು ಸಂಖ್ಯೆ. ಶಾಸನವಿರುವ ಕಲ್ಲುಗಳಿಗೆ ಆ ಸಂಖ್ಯೆ ನೂರು ವರ್ಷದ ಹಿಂದೆಯೇ ಬಿದ್ದಿದೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರದ್ದು. ಅದರಲ್ಲಿ ಪ್ರತಿ ತಾಲ್ಲೂಕಿನ ಶಾಸನಗಳಿಗೆ 1ರಿಂದ ಕ್ರಮಸಂಖ್ಯೆ ಇದೆ. ಸ್ಕ್ಯಾನ್ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ಊರಿನ ಹೆಸರು ಹಿಡಿದು ಹುಡುಕಿ ಸಂಖ್ಯೆ ತೆಗೆದುಕೊಳ್ಳಿ. ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ ಅಂತ ಇದೆ, ಗಾಬರಿಯಾಗಬೇಡಿ. ಮುಳಬಾಗಿಲು ತಾಲ್ಲೂಕಿನ 24ನೇ ಶಾಸನ ಅಂದರೆ #ಮುಳಬಾಗಿಲು_24, ಮುಗಿಯಿತು. ಸಂಶೋಧಕರೂ ಅದೇ ಸಂಖ್ಯೆಯಿಂದ ಕರೆಯುವುದರಿಂದ ನಿಮ್ಮ ಫೋಟೊ ಅವರ ಕೆಲಸಕ್ಕೂ ಒದಗುತ್ತದೆ.

ಬರಹವಿಲ್ಲದ ವೀರಗಲ್ಲು, ಮಾಸ್ತಿಗಲ್ಲು (ಸತಿ ಹೋದವರ ನೆನಪಿನ ಕಲ್ಲು), ಕಲ್ಯಾಣಿಗಳಿಗೆ ಸಂಖ್ಯೆ ನೀವೇ ಕೊಡಬೇಕು: #ಚಿಂತಾಮಣಿ_ವೀ01, #ಚಿಂತಾಮಣಿ_ಕ01. ಸಂಖ್ಯೆ ಕೊಡುವವರು ಒಬ್ಬರೇ ಇರಲಿ. ಇಬ್ಬರಾದರೆ ಒಂದೇ ಸಂಖ್ಯೆ ಎರಡು ಕಲ್ಲಿಗೆ ಬೀಳುತ್ತದೆ. ಅಂಕಿ 0, 1, 2 ಬಳಸಿ, ೦, ೧, ೨ ಬೇಡ. ಕನ್ನಡ ಅಂಕಿಯ ಮೇಲೆ ಸಿಟ್ಟಲ್ಲ, ಮೇಲೆ ಹೇಳಿದ ಸೊನ್ನೆಯ ಕಾಟ. ಬರೀ ಅಂಕಿಯ ಟ್ಯಾಗೂ ಬೇಡ: ಟ್ವಿಟರ್, ಅಂದರೆ ಈಗಿನ ಎಕ್ಸ್‌ನಲ್ಲಿ, #24 ಟ್ಯಾಗೇ ಆಗುವುದಿಲ್ಲ.

ಸ್ಥಳದಲ್ಲಿ ಮಾಡಬೇಕಾದ್ದು ಒಂದೇ ಕೆಲಸ. ಕಲ್ಲಿನ ಫೋಟೊಗೆ ಮೊದಲು, ಆ ಸಂಖ್ಯೆ ಬರೆದ ಚೀಟಿಯದೊಂದು ಫೋಟೊ. ಸಂಜೆ ಮನೆಗೆ ಬಂದಾಗ 80 ಫೋಟೊದಲ್ಲಿ ಯಾವುದು ಎಲ್ಲಿಂದ ಶುರು ಅನ್ನುವುದು ಚೀಟಿ ಫೋಟೊ ನೋಡಿದರೆ ತಿಳಿಯುತ್ತದೆ. ಅಕ್ಷರ ಕಾಣಲಿ ಅಂತ ಕಲ್ಲಿಗೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯಬೇಡಿ ದಯವಿಟ್ಟು. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ತೆಗೆದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಹೋದರೆ ಯಾವ ಟ್ಯಾಗೂ ಉಪಯೋಗಕ್ಕೆ ಬರುವುದಿಲ್ಲ.

---

ರೀಲ್ಸ್_ಬೇಡ ಉತ್ತರಿಸಿದ್ದು:

ಎರಡನೇ ಪ್ರಶ್ನೆ ನನಗಿರಲಿ. ಎಷ್ಟು? ನಾಲ್ಕು. ಹೆಚ್ಚೆಂದರೆ ಐದು.

ಇನ್‌ಸ್ಟಾಗ್ರಾಮ್ ಬಹಳ ಕಾಲ ಒಂದು ಪೋಸ್ಟಿಗೆ 30 ಟ್ಯಾಗ್‌ವರೆಗೆ ಬಿಟ್ಟಿತ್ತು, ಜನ 30ನ್ನೂ ತುಂಬಿಸುವುದೇ ಕಸುಬು ಮಾಡಿಕೊಂಡರು. ಆದರೆ 2021ರಲ್ಲೇ ಅವರದೇ ಕ್ರಿಯೇಟರ್ಸ್ ಖಾತೆ 3ರಿಂದ 5 ಸಾಕು ಅಂತ ಹೇಳಿದೆ. ಟ್ಯಾಗ್ ಫಾಲೋ ಮಾಡುವ ಸೌಲಭ್ಯ 2017ರಲ್ಲಿ ಬಂದಿತ್ತು, 2024ರ ಕೊನೆಗೆ ಅದನ್ನೂ ಕಿತ್ತುಹಾಕಿದರು. ಹಾಗಾಗಿ "ಟ್ಯಾಗ್ ಹಾಕಿದರೆ ಜನ ತಾವಾಗಿ ಬರುತ್ತಾರೆ" ಅನ್ನುವ ಕಾಲ ಹೋಯಿತು. ಟ್ಯಾಗ್ ಈಗ ಗುರುತಿನ ಚೀಟಿ ಅಷ್ಟೆ.

ನಿಮ್ಮ ನಾಲ್ಕು ಹೀಗಿರಲಿ: ಗುಂಪಿನದು ಒಂದು, ತಾಲ್ಲೂಕು_ಊರು ಒಂದು, ಬಗೆ ಒಂದು (#ವೀರಗಲ್ಲು, #ಶಾಸನ, #ಕಲ್ಯಾಣಿ), ಸಂಖ್ಯೆ ಒಂದು. ಗುಂಪಿನ ಟ್ಯಾಗ್ ಆರಿಸುವ ಮೊದಲು ಹುಡುಕಿ ನೋಡಿ, ಬೇರೆ ಯಾರೂ ಬಳಸದ್ದೇ ಬೇಕು. ಟ್ಯಾಗಿಗೆ ಮಾಲೀಕರಿಲ್ಲ, ನಾಳೆ ಯಾರೋ ಮದುವೆ ಫೋಟೊಗೆ ಅದನ್ನೇ ಹಾಕಿದರೆ ತೆಗೆಸಲು ನಿಮಗೆ ಹಕ್ಕಿಲ್ಲ. #ಕಲ್ಯಾಣಿ ಅಂದರೆ ಹೆಣ್ಣುಮಕ್ಕಳ ಹೆಸರೂ ಹೌದು, ರಾಗವೂ ಹೌದು. #ನಂದಿ ಅಂದರೆ ಯಾವ ಊರಿನ ಬಸವನಾದರೂ ಆದೀತು. ಅಂಥವು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಗುಂಪಿನ ಟ್ಯಾಗ್ ಜೊತೆಗಿದ್ದರೆ ಪರವಾಗಿಲ್ಲ.

ಕನ್ನಡವೋ ಇಂಗ್ಲಿಷೋ ಅನ್ನುವುದರಲ್ಲಿ ನನ್ನ ಮತ ಮೇಲಿನವರಿಗಿಂತ ಸ್ವಲ್ಪ ಬೇರೆ. ಐದನೆಯದಾಗಿ ಬಗೆಯದೊಂದು ಇಂಗ್ಲಿಷ್ ಟ್ಯಾಗ್ ಇರಲಿ, "ಹೀರೋಸ್ಟೋನ್" ಅಂತ ಹುಡುಕುವ ಹೊರಗಿನವರಿಗೂ ಸಿಗಲಿ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಟ್ಯಾಗ್ ಆಗುವುದಿಲ್ಲ, ಆದರೂ ಎರಡು ಪದ ಸೇರುವಲ್ಲಿ ದೊಡ್ಡಕ್ಷರ ಹಾಕಿ. ದೃಷ್ಟಿಯಿಲ್ಲದವರ ಸ್ಕ್ರೀನ್ ರೀಡರ್ ಆಗ ಪದ ಬಿಡಿಸಿ ಓದುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲವಾದ್ದರಿಂದ ಆ ಕೆಲಸ ಅಡಿಗೆರೆಯದು. ಅಡಿಗೆರೆ ಇದ್ದರೆ ಒಂದು ಟ್ಯಾಗ್, ಇಲ್ಲದಿದ್ದರೆ ಇನ್ನೊಂದು ಅನ್ನುವುದು ಮಾತ್ರ ನೆನಪಿರಲಿ.

ಟ್ಯಾಗ್ ಇರಬೇಕಾದ್ದು ಶೀರ್ಷಿಕೆಯಲ್ಲಿ, ಕೆಳಗಿನ ಕಾಮೆಂಟಿನಲ್ಲಲ್ಲ. ಹುಡುಕಾಟಕ್ಕೆ ಸಿಗಬೇಕಾದರೆ ಪದ, ಟ್ಯಾಗ್ ಎರಡೂ ಶೀರ್ಷಿಕೆಯಲ್ಲೇ ಇರಲಿ ಅಂತ ಇನ್‌ಸ್ಟಾಗ್ರಾಮೇ ಹೇಳಿದೆ. ಪ್ರೈವೇಟ್ ಖಾತೆಯವರ ಪೋಸ್ಟ್ ಅವರ ಫಾಲೋವರ್‌ಗಳಿಗೆ ಮಾತ್ರ ಕಾಣುತ್ತದೆ. ಫೇಸ್‌ಬುಕ್‌ನವರಿಗೂ ಇದೇ: "ಫ್ರೆಂಡ್ಸ್" ಅಂತ ಇಟ್ಟು ಹಾಕಿದ್ದು ಟ್ಯಾಗ್ ಪುಟದಲ್ಲಿ ಹೊರಗಿನವರಿಗೆ ಬರುವುದಿಲ್ಲ, ಗೋಳದ ಚಿತ್ರ ಇರುವ "ಪಬ್ಲಿಕ್" ಬೇಕು.

---

ಗುಡಿಬಂಡೆ_ನೋಟ ಬರೆದದ್ದು:

ಒತ್ತಕ್ಷರ ಸರ್, ಕರ್ಸರ್ ಪರೀಕ್ಷೆ ಮಾಡಿದೆವು, ಸೊನ್ನೆಯೇ. ಇಬ್ಬರೂ ಒಂದೇ ಹಳೆಯ ಕಡತದಿಂದ ಕಾಪಿ ಮಾಡುತ್ತಿದ್ದರು. ಎಲ್ಲರಿಗೂ ಧನ್ಯವಾದ.

ಇನ್ನೆರಡು ಅನುಮಾನ. ಈ ನಾಲ್ಕು ಟ್ಯಾಗ್ ಸರಿಯಾಗಿ ಹಾಕಿಬಿಟ್ಟರೆ ಇನ್‌ಸ್ಟಾಗ್ರಾಮನ್ನೇ ಸಂಗ್ರಹ ಅಂದುಕೊಳ್ಳಬಹುದೇ? ಮೂಲ ಫೋಟೊಗಳನ್ನು ಈಗ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸಿ ಒಬ್ಬರ ಫೋನಿನಲ್ಲಿ ಇಡುತ್ತಿದ್ದೇವೆ. ಮತ್ತೆ ಹಳೆಯ 600 ಪೋಸ್ಟ್‌ಗಳನ್ನೂ ತಿದ್ದಬೇಕಾ?

---

ಹಾರ್ಡ್‌ಡಿಸ್ಕ್_ಅಜ್ಜ ಉತ್ತರಿಸಿದ್ದು:

ಅಂದುಕೊಳ್ಳಬೇಡಿ. ಟ್ಯಾಗ್ ಪುಟ ಎಲ್ಲ ಪೋಸ್ಟನ್ನೂ ತಾರೀಖಿನ ಪ್ರಕಾರ ಜೋಡಿಸಿ ಕೊಡುವುದಿಲ್ಲ, ತನಗೆ ಬೇಕಾದ್ದನ್ನು ಆರಿಸಿ ತೋರಿಸುತ್ತದೆ. ಒಬ್ಬ ಸದಸ್ಯ ಖಾತೆ ಮುಚ್ಚಿದರೆ ಅವನ ಫೋಟೊಗಳೂ ಹೋದವು. ಫೋಟೊ ಚಿಕ್ಕದಾಗುತ್ತದೆ, 1080 ಪಿಕ್ಸೆಲ್ ಅಗಲಕ್ಕೆ ಇಳಿದರೆ ಶಾಸನದ ಅಕ್ಷರ ಓದಲು ಕಷ್ಟ. ಫೋಟೊದೊಳಗೆ ಕ್ಯಾಮೆರಾ ಬರೆದಿಟ್ಟ ತಾರೀಖು, ಸ್ಥಳದ ಮಾಹಿತಿ ಅಲ್ಲಿಂದ ಇಳಿಸಿಕೊಂಡ ಪ್ರತಿಯಲ್ಲಿ ಇರುವುದಿಲ್ಲ.

ವಾಟ್ಸ್‌ಆ್ಯಪ್ ಅಂತೂ ಇನ್ನೂ ತಪ್ಪು. ಗ್ಯಾಲರಿಯಿಂದ ಫೋಟೊ ಅಂತ ಕಳಿಸಿದರೆ ಕುಗ್ಗಿಸುತ್ತದೆ, ಒಳಗಿನ ಮಾಹಿತಿ ಅಳಿಸುತ್ತದೆ, ಕಡತದ ಹೆಸರನ್ನೂ ಬದಲಿಸುತ್ತದೆ. ಕಳಿಸಲೇಬೇಕಾದರೆ ಪೇಪರ್ ಕ್ಲಿಪ್ ಅಥವಾ + ಗುರುತು ಒತ್ತಿ "ಡಾಕ್ಯುಮೆಂಟ್" ಆರಿಸಿ ಕಳಿಸಿ, ಆಗ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. "ಎಚ್‌ಡಿ" ಒತ್ತಿದರೂ ಅದು ಮೂಲ ಪ್ರತಿ ಅಲ್ಲ.

ಟ್ಯಾಗನ್ನು ಫೋಟೊ ಕಡತದ ಒಳಗೇ ಬರೆದಿಡಿ. ವಿಂಡೋಸ್‌ನಲ್ಲಿ ಜೆಪೆಗ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ "ಟ್ಯಾಗ್ಸ್" ಅಂತ ಒಂದು ಜಾಗ ಇದೆ. ಅಲ್ಲಿ ಅದೇ ನಾಲ್ಕು ಪದ, # ಇಲ್ಲದೆ, ನಡುವೆ ಅರ್ಧವಿರಾಮ (;) ಹಾಕಿ ಬರೆಯಿರಿ. ಒಂದೇ ಕಲ್ಲಿನ ಹತ್ತು ಫೋಟೊ ಒಟ್ಟಿಗೆ ಆರಿಸಿಕೊಂಡರೆ ಹತ್ತಕ್ಕೂ ಒಮ್ಮೆಲೇ ಬೀಳುತ್ತದೆ. ಪಿಎನ್‌ಜಿ ಕಡತಕ್ಕೆ ಈ ಜಾಗ ಸಿಗುವುದಿಲ್ಲ, ಅನೇಕ ಫೋನುಗಳ ಸ್ಕ್ರೀನ್‌ಶಾಟ್ ಅದೇ ಬಗೆಯದು, ಆದ್ದರಿಂದ ಸ್ಕ್ರೀನ್‌ಶಾಟ್ ತೆಗೆದು ಇಡುವ ಅಭ್ಯಾಸ ಬಿಡಿ. ಐಫೋನ್‌ನವರು ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಇಟ್ಟರೆ ಜೆಪೆಗ್ ಬರುತ್ತದೆ. ಫೋಟೊ ಸಾವಿರ ದಾಟಿದ ಮೇಲೆ ಡಿಜಿಕ್ಯಾಮ್ ಅನ್ನುವ ಫೋಟೊ ಜೋಡಿಸುವ ತಂತ್ರಾಂಶ ಹಾಕಿಕೊಳ್ಳಿ. ಅದು ಉಚಿತ, ಜಿಲ್ಲೆಯ ಕೆಳಗೆ ತಾಲ್ಲೂಕು, ತಾಲ್ಲೂಕಿನ ಕೆಳಗೆ ಊರು ಅಂತ ಮರದ ಹಾಗೆ ಟ್ಯಾಗ್ ಕಟ್ಟಲು ಬಿಡುತ್ತದೆ, ತಪ್ಪಾದ ಕಾಗುಣಿತವನ್ನು ಒಂದೇ ಕಡೆ ತಿದ್ದಿದರೆ ಎಲ್ಲ ಫೋಟೊಗಳಲ್ಲೂ ತಿದ್ದುತ್ತದೆ. ಫೋಟೊದೊಳಗೆ ಬರೆಯುವ ಆಯ್ಕೆ ಮೆಟಾಡೇಟಾ ಸೆಟ್ಟಿಂಗ್‌ನಲ್ಲಿ ಟಿಕ್ ಆಗಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಅದರ ಸ್ವಂತ ಡೇಟಾಬೇಸಿನಲ್ಲಷ್ಟೇ ಉಳಿಯುತ್ತದೆ.

ಜೊತೆಗೆ ಒಂದು ಗೂಗಲ್ ಶೀಟ್: ಸಂಖ್ಯೆ, ತಾಲ್ಲೂಕು, ಊರು, ಬಗೆ, ತೆಗೆದವರು, ತಾರೀಖು, ಕಡತದ ಹೆಸರು, ಪೋಸ್ಟಿನ ಕೊಂಡಿ. ಆರು ತಿಂಗಳ ಹಿಂದಿನ ಕಲ್ಲು ಹುಡುಕುವುದು ಇಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಲ್ಲ.

ಆಯ್ದ ಫೋಟೊಗಳನ್ನು ವಿಕಿಪೀಡಿಯ ಬಳಗದ ಮುಕ್ತ ಚಿತ್ರ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೂ ಹಾಕಿ. ಅಲ್ಲಿ ಮೂಲ ಗಾತ್ರದಲ್ಲೇ ಉಳಿಯುತ್ತದೆ, ಒಂದು ಸಲಕ್ಕೆ 50ರವರೆಗೆ ಏರಿಸಬಹುದು. ನೀವು ತಪ್ಪು ವರ್ಗ ಹಾಕಿದರೆ ಬೇರೆ ಯಾರಾದರೂ ಬಂದು ಸರಿಮಾಡುತ್ತಾರೆ, ಹ್ಯಾಶ್‌ಟ್ಯಾಗಿನಲ್ಲಿ ಆ ಭಾಗ್ಯ ಇಲ್ಲ. ಆದರೆ "ವ್ಯಾಪಾರಕ್ಕೆ ಬಳಸಬಾರದು" ಅನ್ನುವ ಷರತ್ತು ಅಲ್ಲಿ ನಡೆಯುವುದಿಲ್ಲ. ಹದಿನಾಲ್ಕು ಜನರೂ ಒಪ್ಪಿದ ಮೇಲೆ ಮುಂದುವರಿಯಿರಿ.

ಒಂದು ಎಚ್ಚರಿಕೆ. ಫೋಟೊದಲ್ಲಿ ಜಿಪಿಎಸ್ ಇದ್ದರೆ ಕಾಮನ್ಸ್ ಅದನ್ನು ಎತ್ತಿಕೊಂಡು ನಕ್ಷೆಯಲ್ಲೇ ತೋರಿಸುತ್ತದೆ. ಭೋಗನಂದೀಶ್ವರ, ಕೋಲಾರಮ್ಮನ ಗುಡಿಯಂಥ ಸಂರಕ್ಷಿತ ಸ್ಮಾರಕವಾದರೆ ಚಿಂತೆಯಿಲ್ಲ. ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತ ವೀರಗಲ್ಲಾದರೆ, ನಿಧಿ ಆಸೆಗೆ ಬುಡ ಅಗೆಯುವವರಿಗೆ ದಾರಿ ತೋರಿಸಿದ ಹಾಗೆ. ಅಂಥವಕ್ಕೆ ಜಿಪಿಎಸ್ ಅಳಿಸಿ ಹಾಕಿ, ಊರಿನ ಟ್ಯಾಗನ್ನೂ ಬಿಟ್ಟು ತಾಲ್ಲೂಕಿನದಷ್ಟೇ ಇರಲಿ. ಸರಿಯಾದ ಜಾಗ ಶೀಟಿನಲ್ಲಿರಲಿ, ಆ ಶೀಟ್ ಸಾರ್ವಜನಿಕವಾಗಿ ಹಂಚಬೇಡಿ.

ಹಳೆಯ 600: ಎಲ್ಲ ಬೇಡ. ಮೊದಲು ಶೀಟ್ ತುಂಬಿಸಿ, ಆಗ ಒಂದೇ ಕಲ್ಲಿನವು ಎಷ್ಟು ಅಂತ ಗೊತ್ತಾಗುತ್ತದೆ. ಕಲ್ಲಿಗೆ ಒಂದು ಒಳ್ಳೆಯ ಪೋಸ್ಟ್ ಆರಿಸಿ, ಅದರ ಮೂರು ಚುಕ್ಕಿ ಒತ್ತಿ "ಎಡಿಟ್" ಮಾಡಿ ನಾಲ್ಕು ಟ್ಯಾಗ್ ಅಂಟಿಸಿ. ಹಾಕಿದವರೇ ತಿದ್ದಬೇಕು, ಬೇರೆಯವರ ಪೋಸ್ಟಿಗೆ ನೀವು ಟ್ಯಾಗ್ ಹಾಕಲಾಗುವುದಿಲ್ಲ.

---

ಒತ್ತಕ್ಷರ ಬರೆದದ್ದು:

ಒಂದು ಸೇರ್ಪಡೆ: ವಿಂಡೋಸ್ ಟ್ಯಾಗ್ಸ್ ಜಾಗಕ್ಕೂ ಆ ಹಳೆಯ ಕಡತದಿಂದಲೇ ಕಾಪಿ ಮಾಡಿಬಿಟ್ಟೀರಿ. ಅದನ್ನು ಮೊದಲು ಅಳಿಸಿ.